ನೂಲ್ಪುಳದ ದಾರಿಯಲ್ಲಿ ಒಂದು ಮೈಲಿ

ಗುಂಡ್ಲುಪೇಟೆಯನ್ನು ದಾಟಿ ಪಡುವಣಕ್ಕೆ ಹೊರಳುವ ಹೆದ್ದಾರಿ ನಮ್ಮ ಪತ್ರಿಕೆಯ ವಾಚಕರಲ್ಲಿ ಅನೇಕರಿಗೆ ತವರಿನ ದಾರಿ. ಇನ್ನು ಕೆಲವರಿಗೆ ಬಾಳಲು ಹೋದ ದಾರಿ. ಕೋಳಿಕ್ಕೋಡಿನಿಂದ ಹೊರಟು ವಯನಾಡನ್ನು ಹತ್ತಿ, ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ, ಮೈಸೂರುಗಳನ್ನು ಕಂಡು ಕೊಳ್ಳೇಗಾಲವನ್ನು ಮುಟ್ಟುವ ಈ ರಸ್ತೆಯನ್ನು ಹಿಂದೆ 212ನೆಯ ಹೆದ್ದಾರಿ ಎನ್ನುತ್ತಿದ್ದರು. ಈಗ ಅದಕ್ಕೆ 766 ಎಂಬ ಅಂಕೆ. ಅಂಕೆ ಬದಲಾದರೂ ಗಡಿಯ ಎರಡೂ ಕಡೆಯ ಕುಟುಂಬಗಳಿಗೆ ಅದು ಹೆಣ್ಣು ಕೊಟ್ಟು ತಂದ ದಾರಿಯಾಗಿಯೇ ಉಳಿದಿದೆ.

ನಮ್ಮ ಕಿರಿಯ ತಂಗಿಯನ್ನು ಮೂವತ್ತೆರಡು ವರ್ಷಗಳ ಹಿಂದೆ ನೂಲ್ಪುಳ ಪಂಚಾಯಿತಿಯ ಒಂದು ಹಳ್ಳಿಗೆ ಕೊಟ್ಟೆವು. ಕೇರಳ, ಕರ್ನಾಟಕ, ತಮಿಳುನಾಡು ಮೂರೂ ಕೂಡುವ ಮೂಲೆಯದು. ಮುತ್ತಂಗ, ಕಲ್ಲೂರು, ನಾಯ್ಕಟ್ಟಿ ಮೊದಲಾದ ಊರುಗಳು ಆ ಪಂಚಾಯಿತಿಗೆ ಸೇರಿದವು. ಹೆಸರು ಕೇಳಲು ಪರಭಾಷೆಯೆನಿಸಿದರೂ ಬಿಡಿಸಿ ನೋಡಿದರೆ ನಮ್ಮದೇ. 'ನೂಲು' ಎರಡು ಭಾಷೆಗಳಲ್ಲಿಯೂ ನೂಲೇ; ಮಲಯಾಳದ 'ಪುಳ' ನಮ್ಮ 'ಹೊಳೆ'ಯ ಒಡಹುಟ್ಟು. ನೂಲಿನಂತೆ ಹರಿಯುವ ಹೊಳೆ ಎಂದು ನಾವು ಅರ್ಥಮಾಡಿಕೊಂಡಿದ್ದೇವೆ. ಆ ಸೀಮೆಯ ನೀರು ಪಡುಗಡಲಿಗೆ ಇಳಿಯುವುದಿಲ್ಲ. ಮೂಡಣಕ್ಕೆ ಹರಿದು ಕಬಿನಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಅಲ್ಲಿಯ ಕಾಟ್ಟುನಾಯ್ಕರ ಮಾತನ್ನು ಕಿವಿಗೊಟ್ಟು ಕೇಳಿದರೆ ಕನ್ನಡದ ಪದಗಳು ಅಲ್ಲಲ್ಲಿ ತಲೆಯೆತ್ತುತ್ತವೆ. ಬತ್ತೇರಿಯ ಕಲ್ಲಿನ ಜೈನ ಬಸದಿಯಂತೂ ಈ ಎರಡು ನಾಡುಗಳ ಹಳೆಯ ನಂಟಿಗೆ ಸಾಕ್ಷಿಯಾಗಿ ನಿಂತಿದೆ.

ಈ ಬಾರಿ ನಾವು ಬರೆಯಹೊರಟಿರುವುದು ಊರಿನ ವರ್ಣನೆಯನ್ನಲ್ಲ. ಕಳೆದ ಮಾರ್ಚ್ ತಿಂಗಳಲ್ಲಿ ಆ ದಾರಿಯ ಬಾಗಿಲಲ್ಲಿ ಕಳೆದ ಒಂದು ರಾತ್ರಿಯನ್ನೂ, ಮರುದಿನ ಬೆಳಿಗ್ಗೆ ಕ್ರಮಿಸಿದ ಒಂದು ಮೈಲಿಯನ್ನೂ ಕುರಿತು ಬರೆಯಬೇಕಾಗಿದೆ.

ಶಾಲೆಯ ಬಾಗಿಲು ಹಾಕಿ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗ ಭಾವನವರ ಕರೆ ಬಂತು. ತಂಗಿಗೆ ಮಧ್ಯಾಹ್ನದಿಂದ ತಡೆಯಲಾರದ ಹೊಟ್ಟೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ. ಅವಳ ಮಗ ಬೆಂಗಳೂರಿನಲ್ಲಿ ಮೋಟಾರು ಯಂತ್ರಗಳ ಕೆಲಸದಲ್ಲಿದ್ದಾನೆ. ಅವನಾಗಲೇ ಹೊರಟಿದ್ದ. ನಂಜನಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮನ್ನು ಹತ್ತಿಸಿಕೊಂಡಾಗ ಏಳೂಮುಕ್ಕಾಲು ದಾಟಿತ್ತು. ಅವನ ಕಾರು ನೋಡಲು ಗಿಡ್ಡ. ಆದರೆ ಅದರ ಯಂತ್ರದ ಶಕ್ತಿ ನಮ್ಮೂರಿಗೆ ಬರುವ ಬಸ್ಸಿನದಕ್ಕಿಂತ ಹೆಚ್ಚೆಂದು ಅವನೇ ಒಮ್ಮೆ ಹೇಳಿದ್ದುಂಟು.

ಬಂಡೀಪುರದ ಕಾಡಿನೊಳಗೆ ಹಾಯುವ ಈ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಪ್ರವೇಶವಿಲ್ಲ. 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ತಂದ ಈ ನಿರ್ಬಂಧವನ್ನು ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ರೋಗಿವಾಹನಗಳಿಗೂ ಎರಡು ರಾಜ್ಯಗಳ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಅಳಿಯನಿಗೆ ಇದೆಲ್ಲ ಗೊತ್ತು. ಆದುದರಿಂದ ಕಾರು ಓಡಲಾರಂಭಿಸಿತು. ಗುಂಡ್ಲುಪೇಟೆಗೆ ಮೊದಲೇ ನಾವು ಎರಡು ಬಾರಿ ಗದರಿಸಿದೆವು. ದಾರಿಯುದ್ದಕ್ಕೂ ಎತ್ತಿನ ಗಾಡಿ, ದೀಪವಿಲ್ಲದ ಟ್ರಾಕ್ಟರು, ಸಂತೆಯಿಂದ ಹಿಂದಿರುಗುವ ಜನ. ಅವನು ಮರುಮಾತಾಡದೆ ವೇಗ ತಗ್ಗಿಸಿದ. ಮದ್ದೂರಿನ ತಪಾಸಣಾ ಗೇಟನ್ನು ಮುಟ್ಟಿದಾಗ ಗಡಿಯಾರದಲ್ಲಿ ಒಂಬತ್ತು ಗಂಟೆ ಏಳು ನಿಮಿಷ. ಅಡ್ಡಗೋಲು ಇಳಿದಿತ್ತು.

ಕಾವಲಿನವರು ಸೌಜನ್ಯದಿಂದಲೇ ಮಾತಾಡಿದರು, ಆದರೆ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಮೈಸೂರಿನತ್ತ ಹಿಂದಿರುಗಿ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂತವಾಡಿಗಳ ಮೇಲೆ ಬಳಸಿ ಹೋಗಬಹುದು. ಅದು ಇನ್ನೂರು ಕಿಲೋಮೀಟರಿಗೂ ಮೀರಿದ ಸುತ್ತು. ಭಾವನವರನ್ನು ಕೇಳಿದೆವು. "ನೋವು ಈಗ ಸ್ವಲ್ಪ ಇಳಿದಿದೆ. ಬೆಳಿಗ್ಗೆ ನೋಡಿ ಹೇಳುವೆವೆಂದು ಡಾಕ್ಟರರು ಅಂದಿದ್ದಾರೆ. ಇಡೀ ರಾತ್ರಿ ಘಟ್ಟ ಸುತ್ತುವುದು ಬೇಡ. ಆರಕ್ಕೆ ಗೇಟು ತೆಗೆದೊಡನೆ ಬನ್ನಿ" ಎಂದರು. ಅಳಿಯ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ದೀಪ ಆರಿಸಿದ. ಬಹಳ ಹೊತ್ತಿನ ಮೇಲೆ ಒಂದೇ ಮಾತು ಆಡಿದ:

"ಮಾವ, ನೀವು ತಡೆಯದೇ ಇದ್ದಿದ್ದರೆ ಆ ಏಳು ನಿಮಿಷ ಉಳಿಯುತ್ತಿತ್ತು."

ಅದು ಲೆಕ್ಕಕ್ಕೆ ಸರಿಯಾದ ಮಾತು. ನಾವು ಉತ್ತರ ಕೊಡಲಿಲ್ಲ.

ಕತ್ತಲೆಯಲ್ಲಿ ಇಬ್ಬರೂ ಸುಮ್ಮನೆ ಕುಳಿತರೆ ಮನಸ್ಸು ಆಸ್ಪತ್ರೆಯನ್ನೇ ಸುತ್ತುತ್ತದೆ. ಆದುದರಿಂದ ಅವನ ವಿದ್ಯೆಯನ್ನೇ ಕುರಿತು ಕೇಳಿದೆವು. ಇಂಗ್ಲೆಂಡಿನಲ್ಲಿ ಎರಡು ವರ್ಷ ಕೆಲಸ ಮಾಡುತ್ತಿದ್ದಾಗ ಅವನು ಯಾರ್ಕ್‌ಷೈರಿನ ಎಲ್ವಿಂಗ್ಟನ್ ಎಂಬಲ್ಲಿ 'ನಿಂತ ಮೈಲಿ'ಯ ಓಟ ಓಡಿದ್ದನೆಂದು ತಂಗಿ ಹೆದರುತ್ತಲೇ ಹೇಳಿದ್ದಳು. ಎರಡನೆಯ ಮಹಾಯುದ್ಧದ ಕಾಲದ ಬಾಂಬರ್ ವಿಮಾನಗಳ ನೆಲೆಯದು. ಸುಮಾರು 3 ಕಿ.ಮೀ. ಉದ್ದದ ನೇರವಾದ ಹಾಸು. ಮೇಷ್ಟರಾದ ನಮಗೆ ಪಾಠ ಹೇಳುವ ಅವಕಾಶ ದೊರೆತೊಡನೆ ಅವನ ದನಿ ಸ್ವಲ್ಪ ಚೇತರಿಸಿಕೊಂಡಿತು.

ನಿಂತ ಮೈಲಿಯೆಂದರೆ ಚಕ್ರಗಳು ನಿಶ್ಚಲವಾಗಿರುವ ಸ್ಥಿತಿಯಿಂದ ಹೊರಟು 1609 ಮೀಟರು ಮುಗಿಯುವಾಗ ಕಾರು ಎಷ್ಟು ವೇಗ ಪಡೆದಿದೆಯೆಂದು ಅಳೆಯುವುದು. ಪ್ರಪಂಚದ ವೇಗದಾಖಲೆಗಳ ಕ್ರಮ ಬೇರೆ. ಅಲ್ಲಿ ದೂರದಿಂದಲೇ ಓಡಿ ಬಂದು ಅಳತೆಯ ಗೆರೆಯನ್ನು ಪ್ರವೇಶಿಸುತ್ತಾರೆ. 1899ರಲ್ಲಿ ಪ್ಯಾರಿಸಿನ ಸಮೀಪ ಕಮಿಲ್ ಜೆನಾಟ್ಜಿ ಎಂಬಾತ ವಿದ್ಯುತ್ ಬಂಡಿಯಲ್ಲಿ ಮೊಟ್ಟಮೊದಲು ಗಂಟೆಗೆ 100 ಕಿ.ಮೀ. ಮೀರಿದ. 1935ರಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಅಮೆರಿಕದ ಉಪ್ಪಿನ ಬಯಲಿನಲ್ಲಿ ಗಂಟೆಗೆ 300 ಮೈಲಿಯನ್ನು ದಾಟಿದ. ಅವನಿಗೆ ಓಡಿ ಬರಲು ಮೈಲಿಗಟ್ಟಲೆ ಬಯಲು ಬೇಕಾಗಿತ್ತು. 2019ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ಬೀದಿಯಲ್ಲಿ ಓಡಿಸಲು ಪರವಾನಗಿಯುಳ್ಳ ಒಂದು ಫೋರ್ಡ್ ಜಿ.ಟಿ. ಕಾರು ನಿಂತಲ್ಲಿಂದ ಹೊರಟು ಒಂದೇ ಮೈಲಿಯ ಕೊನೆಗೆ ಆ 300 ಮೈಲಿಯ ವೇಗವನ್ನು, ಎಂದರೆ ಗಂಟೆಗೆ ಸುಮಾರು 483 ಕಿ.ಮೀ.ಯನ್ನು ಮುಟ್ಟಿತು.

"ನಮ್ಮ ಕಡೆ ಇಂಥದ್ದು ಇಲ್ಲವೇ?" ಎಂದೆವು. ಮದರಾಸಿನ ಬಳಿಯ ಶೋಲಾವರಂ ಎಂಬ ಯುದ್ಧಕಾಲದ ವಿಮಾನಪಟ್ಟಿಯಲ್ಲಿ ಹಿಂದೆ ಮೋಟಾರು ಪಂದ್ಯಗಳು ನಡೆಯುತ್ತಿದ್ದುದನ್ನು ಅವನು ನೆನಪಿಸಿದ. ನಮ್ಮ ತಾರುಣ್ಯದ ದಿನಗಳಲ್ಲಿ ಬೆಂಗಳೂರಿನ ಹುಡುಗರು ಅದನ್ನು ನೋಡಲು ರೈಲು ಹತ್ತಿ ಹೋಗುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಬೇರೆಯೇ ಪಂದ್ಯದ ಪಥ ಸಿದ್ಧವಾಯಿತು.

ಓಟದ ಕ್ರಮವನ್ನು ಅವನು ಹಂತಹಂತವಾಗಿ ಹೇಳಿದ. ಮೊದಲನೆಯದು ಟೈರು. ಪ್ರತಿಯೊಂದು ಟೈರಿನ ಪಕ್ಕದಲ್ಲಿಯೂ ಅದು ತಾಳಬಲ್ಲ ವೇಗದ ಅಕ್ಷರವಿರುತ್ತದೆ: 'ಎಚ್' ಎಂದರೆ 210, 'ವಿ' ಎಂದರೆ 240, 'ವೈ' ಎಂದರೆ 300 ಕಿ.ಮೀ. ಗಾಳಿ ಕಡಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಗ್ಗಿ ಬಗ್ಗಿ ಕಾದು ಸಿಡಿಯುತ್ತದೆ. ಆದಕಾರಣ ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಬೇಕು. 2006ರಲ್ಲಿ ಅದೇ ಎಲ್ವಿಂಗ್ಟನ್ನಿನಲ್ಲಿ ರಿಚರ್ಡ್ ಹ್ಯಾಮಂಡ್ ಎಂಬ ದೂರದರ್ಶನದ ನಿರೂಪಕ ಜೆಟ್ ಯಂತ್ರದ ವಾಹನವನ್ನು ಓಡಿಸುತ್ತಿದ್ದಾಗ ಗಂಟೆಗೆ ಸುಮಾರು 460 ಕಿ.ಮೀ. ವೇಗದಲ್ಲಿ ಮುಂದಿನ ಟೈರು ಒಡೆಯಿತು. ಆತ ತಲೆಗೆ ತೀವ್ರವಾದ ಪೆಟ್ಟು ಬಿದ್ದು ಬದುಕಿ ಉಳಿದ.

ಎರಡನೆಯದು ಹೊರಡುವಿಕೆ. ಶಕ್ತಿಯುಳ್ಳ ಕಾರಿನಲ್ಲಿ ಆಕ್ಸಿಲರೇಟರನ್ನು ಒಮ್ಮೆಗೇ ತುಳಿದರೆ ಚಕ್ರಗಳು ನಿಂತಲ್ಲೇ ತಿರುಗಿ ಹೊಗೆಯೆಬ್ಬಿಸುತ್ತವೆ. ನೋಡುವವರಿಗೆ ಅದು ಚೆಂದ, ಓಡುವವನಿಗೆ ನಷ್ಟ. ನೆಲ ಎಷ್ಟು ಹಿಡಿತ ಕೊಡುವುದೋ ಅಷ್ಟನ್ನೇ ಕೇಳಬೇಕು; ವೇಗ ಏರಿದಂತೆ ಕಾಲನ್ನು ಮೆಲ್ಲನೆ ಒತ್ತುತ್ತ ಹೋಗಬೇಕು. ಗೇರು ಬದಲಾಯಿಸುವುದನ್ನೂ ಯಂತ್ರದ ಕಿರುಚಾಟ ಕೇಳಿ ಮಾಡಬಾರದು. ಮುಂದಿನ ಗೇರಿನಲ್ಲಿ ಚಕ್ರಕ್ಕೆ ದೊರೆಯುವ ಎಳೆತ ಈಗಿನದಕ್ಕಿಂತ ಹೆಚ್ಚಾಗುವ ಕ್ಷಣವನ್ನು ಮೊದಲೇ ತಿಳಿದಿರಬೇಕು.

ಮೂರನೆಯದು ಕೈ ಮತ್ತು ಕಣ್ಣು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದವನ ಕೈನಡುಕವೆಲ್ಲ ಚಕ್ರಕ್ಕೆ ಇಳಿಯುತ್ತದೆ. ಹಕ್ಕಿಯನ್ನು ಹಿಡಿದಂತೆ ಹಿಡಿದು, ಕಣ್ಣನ್ನು ಹಾಸಿನ ತುತ್ತತುದಿಯಲ್ಲಿ ನೆಡಬೇಕು. ಅಡ್ಡಗಾಳಿ ತಳ್ಳಿದರೆ ಗಾಬರಿಯಿಂದ ತಿರುಗಿಸದೆ ಕೂದಲೆಳೆಯಷ್ಟು ಸರಿಪಡಿಸಬೇಕು. ಗಾಳಿಯ ಬಲ ಏನೆಂಬುದನ್ನು ನಾವೇ ಅವನಿಗೆ ನೆನಪಿಸಿದೆವು: ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಅದನ್ನು ಸೀಳಿ ಹೋಗಲು ಯಂತ್ರದ ಶಕ್ತಿ ಎಂಟರಷ್ಟು ಬೇಕು. "ಅದಕ್ಕೇ ಮಾವ, ಕೊನೆಯ ಇಪ್ಪತ್ತು ಕಿಲೋಮೀಟರು ವೇಗ ಏರಿಸುವುದಕ್ಕೆ ಮೈಲಿಯ ಅರ್ಧವೇ ಖರ್ಚಾಗಿಬಿಡುತ್ತದೆ" ಎಂದ. ಅವನು ಮುಟ್ಟಿದ್ದು 265.

"ನಾಲ್ಕನೆಯದು?" ಎಂದೆವು.

"ನಿಲ್ಲಿಸುವುದು. ಹೊಸಬರೆಲ್ಲ ಕೆಡುವುದು ಅಲ್ಲೇ. ಗೆರೆ ದಾಟಿದೊಡನೆ ಗೆದ್ದೆವೆಂದು ಬ್ರೇಕು ತುಳಿಯುತ್ತಾರೆ. ಹಾಗೆ ಮಾಡಬಾರದು. ಮೊದಲು ಕಾಲನ್ನು ಮೆಲ್ಲನೆ ಎತ್ತಬೇಕು. ಗಾಳಿಯೇ ಒಂದಿಷ್ಟು ನಿಲ್ಲಿಸುತ್ತದೆ. ಆಮೇಲೆ ಕಾರು ನೇರವಾಗಿರುವಾಗ ಬ್ರೇಕು. ತಿರುಗಿಸುವುದು ಎಲ್ಲಕ್ಕಿಂತ ಕೊನೆಗೆ. ಗೆರೆಯಿಂದ ಆಚೆ ಎಷ್ಟು ಹಾಸು ಉಳಿದಿದೆ ಎಂದು ನೋಡದೆ ಯಾರೂ ಓಡಲು ಬಿಡುವುದಿಲ್ಲ."

ಲೆಕ್ಕದ ಮೇಷ್ಟರಿಗೆ ಇಷ್ಟು ಸಾಕು. ಜೇಬಿನಲ್ಲಿದ್ದ ಹಾಜರಿಯ ಚೀಟಿಯ ಹಿಂಬದಿಯಲ್ಲಿ, ಕಾರಿನೊಳಗಿನ ಪುಟ್ಟ ದೀಪದ ಬೆಳಕಿನಲ್ಲಿ ಲೆಕ್ಕ ಹಾಕಿದೆವು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯೋಣ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರಿನಷ್ಟು ವೇಗ ತಗ್ಗಿಸುವುದೆನ್ನೋಣ. ಗಂಟೆಗೆ 40 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 25 ಮೀಟರು ಬೇಕು. 80ರಲ್ಲಿ ಸುಮಾರು 69 ಮೀಟರು. 300ರಲ್ಲಿ 620 ಮೀಟರು. ಇನ್ನು ಉಳಿತಾಯದ ಲೆಕ್ಕ: ಗೇಟಿನಿಂದ ಮೂಲೆಹೊಳೆಯವರೆಗಿನ ಕಾಡುದಾರಿ ಸುಮಾರು 20 ಕಿ.ಮೀ. ಅದಕ್ಕೆ 40ರ ವೇಗದಲ್ಲಿ ಅರ್ಧ ಗಂಟೆ, 80ರಲ್ಲಿ ಕಾಲು ಗಂಟೆ. ವೇಗವನ್ನು ಇಮ್ಮಡಿಸಿದವನ ಲಾಭ ಹದಿನೈದು ನಿಮಿಷ. ಅದಕ್ಕೆ ಪ್ರತಿಯಾಗಿ ಅವನು ಕಾಡಿಗೆ ಒಪ್ಪಿಸಿದ್ದು ನಿಲ್ಲಬಲ್ಲ 44 ಮೀಟರು. ಚೀಟಿಯನ್ನು ಅವನ ಕೈಗೆ ಕೊಟ್ಟೆವು. ಅವನು ನೋಡಿ ಮಡಿಸಿ ಜೇಬಿಗೆ ಹಾಕಿಕೊಂಡ, ಏನೂ ಹೇಳಲಿಲ್ಲ.

ಎರಡೂವರೆಗೆ ಫೋನು ಬಂತು. ನೋವು ಮತ್ತೆ ಕೆರಳಿ ಕರುಳುಬಾಲ ಒಡೆಯುವ ಸೂಚನೆ ಕಂಡುದರಿಂದ ತಂಗಿಯನ್ನು ಶಸ್ತ್ರಚಿಕಿತ್ಸೆಗೆ ಒಳಗೆ ಕರೆದೊಯ್ದಿದ್ದರು. ಕಾಗದಗಳಿಗೆ ಭಾವನವರೇ ಸಹಿ ಹಾಕಿದ್ದರು. ಮಾತು ಮುಗಿಯುವ ಮೊದಲೇ ಸಂಪರ್ಕ ತಪ್ಪಿತು. ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಸಿಗಲಿಲ್ಲ. ಅಳಿಯ ಕಾರಿನಿಂದಿಳಿದು ಅಡ್ಡಗೋಲಿನವರೆಗೆ ನಡೆದು ಹೋದ, ಹಿಂದಿರುಗಿ ಬಂದ, ಮತ್ತೆ ಹೋದ. ಅದರಾಚೆ ಮುವ್ವತ್ತು ನಲವತ್ತು ಕಿಲೋಮೀಟರಿನಲ್ಲಿ ಅವನ ಅವ್ವ ಮಲಗಿದ್ದಳು.

ವಾಚಕರು ನಮ್ಮನ್ನು ಕೇಳಬಹುದು, ಆ ಹೊತ್ತಿನಲ್ಲಿ ಈ ನಿರ್ಬಂಧವನ್ನು ಕುರಿತು ನಿಮಗೇನೆನ್ನಿಸಿತು ಎಂದು. ಕೋಪ ಬಂದುದು ನಿಜ. 2019ರಲ್ಲಿ ಈ ವಿಷಯವಾಗಿಯೇ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತಾಗ ಅವರ ನೋವು ನಮಗೆ ದೂರದ ಸುದ್ದಿಯಾಗಿತ್ತು, ಅಂದು ಅರ್ಥವಾಯಿತು. ಆದರೆ ಅದೇ ಹೊತ್ತಿಗೆ ಗೇಟಿನಾಚೆಯ ಕತ್ತಲೆಯಲ್ಲಿ ಕೊಂಬೆ ಮುರಿಯುವ ಸದ್ದು ಕೇಳಿಸುತ್ತಿತ್ತು. ಬೇಸಿಗೆಯಲ್ಲಿ ಬಂಡೀಪುರದ ಕಡೆ ಕೆರೆಗಳು ಬತ್ತಿದಾಗ ಆನೆಗಳೂ ಕಾಟಿಗಳೂ ನೀರು ಮೇವುಗಳಿಗಾಗಿ ಮುತ್ತಂಗದ ತಂಪಿಗೆ ಸರಿಯುತ್ತವೆ. ಬಂಡೀಪುರ ಹುಲಿ ಯೋಜನೆಗೆ ಸೇರಿದುದೂ, ವಯನಾಡಿನ ವನ್ಯಜೀವಿಧಾಮ ಏರ್ಪಟ್ಟುದೂ ಒಂದೇ ವರ್ಷ, 1973ರಲ್ಲಿ. ಕಾಗದದ ಮೇಲೆ ಎರಡು ಕಾಡುಗಳು. ಆನೆಗೆ ಅದು ಒಂದೇ ಮನೆಯ ಎರಡು ಕೋಣೆ. ಅವಕ್ಕೂ ಗಡಿಯಾಚೆ ಬಂಧುಗಳಿದ್ದಾರೆ. ಅವು ದಾಟಬೇಕಾದುದೂ ಇದೇ ರಸ್ತೆಯನ್ನು. ಎರಡು ಬಗೆಯ ಕುಟುಂಬಗಳ ನಡುವೆ ನ್ಯಾಯ ಹೇಳುವುದು ಹಳ್ಳಿಯ ಮೇಷ್ಟರಿಗೆ ಸುಲಭವಲ್ಲ.

ಐದೂವರೆಗೆ ನಮ್ಮ ಹಿಂದೆ ಸಾಲು ಬೆಳೆಯತೊಡಗಿತು. ತರಕಾರಿಯ ಲಾರಿಗಳು, ಜೀಪುಗಳು, ಮೋಟಾರು ಸೈಕಲುಗಳು, ಪ್ರವಾಸಿಗಳ ಕಾರುಗಳು. ಆರು ಸಮೀಪಿಸಿದಂತೆ ಒಂದೊಂದಾಗಿ ಯಂತ್ರಗಳು ಗುರುಗುಟ್ಟಿದವು. ಎಲ್ವಿಂಗ್ಟನ್ನಿನ ಗೆರೆ ಹೇಗಿರುತ್ತದೆಂದು ನಾವು ಕಂಡವರಲ್ಲ. ಆದರೆ ಇದಕ್ಕಿಂತ ಬೇರೆಯಾಗಿರಲಾರದು ಎನ್ನಿಸಿತು. ವ್ಯತ್ಯಾಸ ಇಷ್ಟೇ: ಅಲ್ಲಿ ಒಂದು ಸಲಕ್ಕೆ ಒಂದೇ ಕಾರು, ತಲೆಗೆ ಶಿರಸ್ತ್ರಾಣ, ಅಂಚಿನಲ್ಲಿ ಕಾದು ನಿಂತ ಅಗ್ನಿಶಾಮಕದವರು, ಗೆರೆಯಾಚೆ ಖಾಲಿ ಹಾಸು. ಇಲ್ಲಿ ಎಲ್ಲರೂ ಒಟ್ಟಿಗೆ, ಆಚೆಗೆ ಏನಿದೆಯೆಂದು ಯಾರಿಗೂ ತಿಳಿಯದು.

ಅಡ್ಡಗೋಲು ಮೇಲೆದ್ದಿತು. ಸಾಲಿನಲ್ಲಿ ಎಲ್ಲರಿಗಿಂತ ಮುಂದಿದ್ದುದು ನಾವೇ. ಎಲ್ಲರಿಗಿಂತ ಬಲವಾದ ಯಂತ್ರವೂ ನಮ್ಮದೇ. ಅಳಿಯ ಮುಂದಕ್ಕೆ ಸರಿಸಿ ಎಡಬದಿಗೆ ತಂದು, ಕೈ ಹೊರಗೆ ಚಾಚಿ ಹಿಂದಿನವರಿಗೆ ದಾರಿ ಬಿಟ್ಟ. ಅವರೆಲ್ಲ ಹೊಗೆ ಬಿಟ್ಟು ಹೋದ ಮೇಲೆ ಹೊರಟ. ವೇಗದ ಮುಳ್ಳು ನಲವತ್ತಕ್ಕೆ ಏರಿ ಅಲ್ಲೇ ನಿಂತಿತು. ನಾವು ಏನೂ ಹೇಳಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹಾಗೆ ನೋಡಿದರೆ, ನಮ್ಮ ಒಡಹುಟ್ಟಿದವಳನ್ನು ನೆನೆದು, 'ಸ್ವಲ್ಪ ಬೇಗ ಹೋಗಬಾರದೇ' ಎಂಬ ಮಾತು ನಮ್ಮ ನಾಲಿಗೆಯ ತುದಿಗೇ ಬಂದಿತ್ತು.

ನಮ್ಮ ಹೆದ್ದಾರಿಗಳಲ್ಲಿ ಕಿಲೋಮೀಟರು ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಸಣ್ಣ ಕಲ್ಲುಗಳನ್ನು ನೆಡುವ ಪದ್ಧತಿಯುಂಟು. ಅಂಥ ಎಂಟು ಅಂತರಗಳು ಸೇರಿದರೆ ಒಂದು ಮೈಲಿಗೆ ಒಂಬತ್ತು ಮೀಟರು ಮಾತ್ರ ಕಡಮೆ. ಪಂದ್ಯದ ಬಲಶಾಲಿ ಕಾರು ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ; 40ರ ವೇಗದಲ್ಲಿ ಎರಡು ನಿಮಿಷ ಇಪ್ಪತ್ತೈದು ಸೆಕೆಂಡು ಬೇಕು. ಮನಸ್ಸನ್ನು ಹಿಡಿದಿಡಲು ನಾವು ಆ ಲೆಕ್ಕವನ್ನೇ ಎಣಿಸುತ್ತ ಕುಳಿತೆವು. ಐದು ಅಂತರ ಆಗಿರಬೇಕು. ಒಂದು ತಿರುವಿನಾಚೆ ಹೆಣ್ಣು ಜಿಂಕೆಯೊಂದು ಚಿಮ್ಮಿ ರಸ್ತೆಗೆ ಬಂತು. ಅಳಿಯ ನಿಲ್ಲಿಸಿದ. ಜಿಂಕೆ ದಾಟಿ ಪೊದೆ ಸೇರಿತು, ರಸ್ತೆ ಖಾಲಿಯಾಯಿತು. ಆದರೂ ಅವನು ಹೊರಡಲಿಲ್ಲ. ಹಿಂದಿನಿಂದ ಬಂದ ಜೀಪಿನವನು ಹಾರನ್ನು ಒತ್ತಿದ.

"ತಾಯಿ ಒಂದೇ ಬರುವುದಿಲ್ಲ ಮಾವ" ಎಂದ ಅಳಿಯ.

ನಾವು ಹತ್ತು ಎಣಿಸುವಷ್ಟರಲ್ಲಿ ಮರಿ ಬಂತು. ಸಣಕಲು ಕಾಲುಗಳು ಡಾಮರಿನ ಮೇಲೆ ಜಾರಿದವು. ನಡುರಸ್ತೆಯಲ್ಲಿ ನಿಂತು ನಮ್ಮ ಕಡೆ ನೋಡಿ, ತಾಯಿ ಹೋದ ಕಡೆಗೆ ಹಾರಿತು. ಹಿಂದಿನ ಜೀಪಿನವನು ಮತ್ತೆ ಹಾರನ್ನು ಒತ್ತಲಿಲ್ಲ. ಅವನೂ ಕಂಡಿರಬೇಕು.

ಮುಂದೆ ಬಿದಿರುಮೆಳೆಯ ಬಳಿ ಆನೆಗಳ ಒಂದು ಹಿಂಡು ಮೇಯುತ್ತಿತ್ತು. ನಮ್ಮನ್ನು ಮೀರಿ ಹೋಗಿದ್ದ ಎರಡು ಲಾರಿಗಳೂ ಪ್ರವಾಸಿಗಳ ಕಾರೂ ಅಲ್ಲಿಯೇ ನಿಂತು ಕಾದಿದ್ದವು. ಅವರ ಹಿಂದೆ ನಾವೂ ನಿಂತೆವು. ಎಲ್ಲರೂ ಒಟ್ಟಿಗೇ ಹೊರಟೆವು. ಓಡಿ ಹೋದವರಿಗೂ ನಡೆದು ಬಂದ ನಮಗೂ ಅಲ್ಲಿ ಲೆಕ್ಕ ಸಮನಾಯಿತು.

ಮೂಲೆಹೊಳೆ, ಗಡಿ, ಪೊನ್‌ಕುಳಿ. ಅಲ್ಲಿ ರಸ್ತೆಯ ಪಕ್ಕದಲ್ಲೇ ಇರುವ ಶ್ರೀರಾಮನಿಗೂ ಸೀತಮ್ಮನಿಗೂ ಕಾರಿನಿಂದಲೇ ಕೈ ಮುಗಿದೆವು. ಮುತ್ತಂಗ ದಾಟಿದ ಮೇಲೆ ಗದ್ದೆ, ಬಾಳೆ, ಅಡಿಕೆ, ಮೆಣಸಿನ ಬಳ್ಳಿ ಹಬ್ಬಿದ ಮರಗಳು. ಶಾಲೆಗೆ ಹೊರಟ ಮಕ್ಕಳು. ಫೋನಿಗೆ ಸಂಪರ್ಕ ಬಂದರೂ ಅಳಿಯ ಎತ್ತಲಿಲ್ಲ, ನಮ್ಮನ್ನೂ ಎತ್ತಗೊಡಲಿಲ್ಲ. "ಹೋಗಿ ನೋಡೋಣ ಮಾವ" ಎಂದಷ್ಟೇ ಅಂದ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವನವರು ಕುಳಿತಿದ್ದರು. ನಮ್ಮನ್ನು ಕಂಡು ಎದ್ದರು. ಅವರ ಮುಖ ನೋಡಿಯೇ ತಿಳಿಯಿತು. ಶಸ್ತ್ರಚಿಕಿತ್ಸೆ ನಾಲ್ಕಕ್ಕೆ ಮುಗಿದಿತ್ತು, ತಂಗಿ ನಿದ್ರೆಯಲ್ಲಿದ್ದಳು. ಒಳಗೆ ಹೋಗುವ ಮೊದಲು ಆಕೆ ಮಗನನ್ನೂ ಅಣ್ಣನನ್ನೂ ಕೇಳಿದಳಂತೆ, ಗೇಟಿನಲ್ಲಿದ್ದಾರೆಂದಾಗ ಸುಮ್ಮನಾದಳಂತೆ. ಆ ಹೊತ್ತಿನಲ್ಲಿ ನಾವು ಅವಳ ಬಳಿ ಇರಲಿಲ್ಲ. ಇದನ್ನು ಯಾವ ಲೆಕ್ಕವೂ ಸರಿದೂಗಿಸಲಾರದು. ಸರಿದೂಗಿತೆಂದು ನಾವು ಬರೆಯುವುದೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಎಚ್ಚರವಾಯಿತು. ಮಗನ ಕೈ ಹಿಡಿದುಕೊಂಡು ಮೊದಲು ಕೇಳಿದ ಮಾತು, "ದಾರಿಯಲ್ಲಿ ಆನೆ ಇತ್ತೇನಪ್ಪ?"

"ಇತ್ತು ಅವ್ವ."

"ನಿಲ್ಲಿಸಿದ್ಯಾ?"

"ನಿಲ್ಲಿಸಿದೆ."

ನಾಲ್ಕು ದಿನ ಅಲ್ಲೇ ಉಳಿದೆವು. ತಂಗಿಯ ಮನೆಯ ಹಿಂದೆ ಗದ್ದೆಯಂಚಿನಲ್ಲಿ ಹರಿಯುವ ಹಳ್ಳ ಬೇಸಿಗೆಯಲ್ಲಿ ನಿಜಕ್ಕೂ ನೂಲಿನಷ್ಟೇ ತೆಳುವಾಗಿತ್ತು. ಸಂಜೆ ಅದರ ಕಲ್ಲಿನ ಮೇಲೆ ಕುಳಿತಿದ್ದಾಗ ಅಳಿಯ ನಮ್ಮ ಚೀಟಿಯನ್ನು ಜೇಬಿನಿಂದ ತೆಗೆದು ಮತ್ತೊಮ್ಮೆ ನೋಡಿದ. ಮೈಲಿಯ ಓಟಕ್ಕೆ ಮತ್ತೆ ಹೋಗುವೆಯಾ ಎಂದು ಕೇಳಿದೆವು. ಅವಕಾಶ ಸಿಕ್ಕರೆ ಹೋಗುವೆನೆಂದ. ನಾವು ಬೇಡವೆನ್ನಲಿಲ್ಲ. ಗೆರೆಯಾಚೆ ಖಾಲಿ ಹಾಸಿರುವಲ್ಲಿ ವಿದ್ಯೆಯಿಂದ ಓಡುವವನನ್ನು ತಡೆಯಲು ನಮಗೆ ಕಾರಣವಿಲ್ಲ.

ಗಡಿಯಾಚೆಯ ನಮ್ಮ ಬಂಧುಗಳಲ್ಲಿ ಒಂದೇ ವಿಜ್ಞಾಪನೆ. ತವರಿಗೆ ಬರುವವರು, ಹಿಂದಿರುಗುವವರು, ಗೇಟಿನ ವೇಳೆಗೆ ಒಂದು ಗಂಟೆ ಮುಂಚಿತವಾಗಿ ಹೊರಡಿ. ತಡವಾದರೆ ಆ ಏಳು ನಿಮಿಷವನ್ನು ಊರೊಳಗಿನ ರಸ್ತೆಯಲ್ಲಿಯೂ ಹುಡುಕಬೇಡಿ, ಕಾಡಿನೊಳಗೂ ಹುಡುಕಬೇಡಿ. ಜಿಂಕೆ ದಾಟಿದರೆ ಹತ್ತು ಎಣಿಸಿ. ಮರಿ ಹಿಂದೆ ಇರುತ್ತದೆ.